ತೋಟದ ನಕ್ಷೆ ಯಾರ ಕೈಯಲ್ಲಿರಬೇಕು? ಕೊಡಗಿನ ಸಹಕಾರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ನಿರ್ದೇಶಕರು ಮತ್ತು ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಕೊಡಗಿನ ಐದೂ ತಾಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು

ವಿಷಯ: ಬೆಳೆಗಾರರ ತೋಟದ ನಕ್ಷೆ ಮತ್ತು ದರದ ಮಾಹಿತಿಯನ್ನು ಸಂಘವೇ ಇಟ್ಟುಕೊಂಡು ಕಾಯುವ ಕುರಿತು

ಮಾನ್ಯರೇ,

ಮೊಬೈಲ್ ಹಿಡಿದು ಕಾಫಿ ತೋಟದ ಗಡಿ ಸುತ್ತುವ ಕೆಲಸ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿದೆ. ಕೊಳ್ಳುವವರ ಕಡೆಯಿಂದ ಬಂದವರು ಬೇಲಿಗುಂಟ ನಡೆಯುತ್ತಾರೆ, ಆರ್‌ಟಿಸಿಯ ಫೋಟೋ ತೆಗೆದುಕೊಳ್ಳುತ್ತಾರೆ, ಫೋನ್ ನಂಬರ್ ಬರೆದುಕೊಳ್ಳುತ್ತಾರೆ, ಹೋದ ವರ್ಷ ಎಷ್ಟು ಚೀಲ ಆಯಿತು ಎಂದು ಕೇಳುತ್ತಾರೆ. ಕೊನೆಗೆ ಬೆಳೆಗಾರರಿಂದಲೇ ‘ಒಪ್ಪಿದೆ’ ಎಂಬ ಗುಂಡಿ ಒತ್ತಿಸಿಕೊಂಡು ಹೊರಡುತ್ತಾರೆ. ಬೆಳೆಗಾರರ ಕೈಯಲ್ಲಿ ಒಂದು ಚೀಟಿಯೂ ಉಳಿಯುವುದಿಲ್ಲ. ತನ್ನ ತೋಟದ ನಕ್ಷೆಯ ಪ್ರತಿ ಬೇಕೆಂದು ಕೇಳಬಹುದು ಎಂಬುದೇ ಅನೇಕರಿಗೆ ಹೊಳೆದಿಲ್ಲ.

ಇದಕ್ಕೆಲ್ಲ ಕಾರಣ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾಯ್ದೆ. ಇಟಲಿ, ಜರ್ಮನಿ ನಮ್ಮ ಕಾಫಿಯ ದೊಡ್ಡ ಗಿರಾಕಿಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗ ಯಾವುದೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. 2024ರ ಡಿಸೆಂಬರ್ 30ಕ್ಕೆ ಆಗಬೇಕಿದ್ದ ಜಾರಿ ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ಬಂದು ನಿಂತಿದೆ. ಕಾನೂನಿನ ಹೊಣೆ ಇರುವುದು ಅಲ್ಲಿನ ಆಮದುದಾರರ ಮೇಲೆ, ಅಮ್ಮತ್ತಿಯ ಅಥವಾ ಶನಿವಾರಸಂತೆಯ ಬೆಳೆಗಾರರ ಮೇಲಲ್ಲ. ಆದರೆ ಆಮದುದಾರರು ರಫ್ತುದಾರರನ್ನು, ರಫ್ತುದಾರರು ವ್ಯಾಪಾರಿಯನ್ನು, ವ್ಯಾಪಾರಿ ಬೆಳೆಗಾರರನ್ನು ಕೇಳುತ್ತಾರೆ. ಹೊಣೆ ಮೇಲಿನವರದ್ದು, ಕೊಡುವ ಕೆಲಸ ಕೆಳಗಿನವರದ್ದು.

ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ನೆರಳಿನಲ್ಲಿ ಕಾಫಿ ಬೆಳೆಯುವ ನಾಡಿಗೆ ಅದರಿಂದ ಲಾಭವೇ ಆಗಬಹುದು. ನನ್ನ ದೂರು ಬೇರೆ. ಕಾಯ್ದೆಯ ಹೆಸರು ಹೇಳಿ, ಕಾಯ್ದೆ ಕೇಳದ್ದನ್ನೂ ತೆಗೆದುಕೊಂಡು ಹೋಗಲಾಗುತ್ತಿದೆ.

ಕಾಯ್ದೆ ಕೇಳುವುದು ಇಷ್ಟು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯ ಪೂರ್ತಿ ನಕ್ಷೆ ಬೇಕು. 4 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 9 ಎಕರೆ 88 ಸೆಂಟ್, ಅದರೊಳಗಿದ್ದರೆ ತೋಟದೊಳಗಿನ ಒಂದೇ ಒಂದು ಬಿಂದು ಸಾಕು. ಕೊಡಗಿನ ಸಣ್ಣ ಹಿಡುವಳಿಗಳಲ್ಲಿ ಬಹುಪಾಲು ಈ ಮಿತಿಯೊಳಗೇ ಬರುತ್ತವೆ. ಮೂರು ಎಕರೆಯವರ ಗಡಿಯನ್ನು ಮೂಲೆಮೂಲೆಗೂ ಅಳೆಯುವ ಅಗತ್ಯ ಕಾಯ್ದೆಗಿಲ್ಲ, ಅಳೆಯುವವರಿಗಿದೆ. ಜೊತೆಗೆ 2025ರ ಮೇ ತಿಂಗಳಲ್ಲಿ ಒಕ್ಕೂಟವು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದೆ. ಜಾಗದ ಮಾಹಿತಿ ಕೊಡುವುದು ಇದರಿಂದ ತಪ್ಪುವುದಿಲ್ಲ, ಆದರೆ ಅಪಾಯ ಅಳೆದು ತಗ್ಗಿಸುವ ಉಳಿದ ಕಸರತ್ತು ಆಮದುದಾರರಿಗೆ ತಪ್ಪುತ್ತದೆ. ಕಳೆದ ಐದು ವರ್ಷದ ಇಳುವರಿ, ಬ್ಯಾಂಕ್ ಸಾಲ, ಮೆಣಸಿನ ಬಳ್ಳಿಗಳ ಲೆಕ್ಕ ಇವೆಲ್ಲ ಯಾವ ಕಲಮಿಗಾಗಿ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಮಾಹಿತಿಯ ವ್ಯಾಪಾರಕ್ಕೂ ಕಾಫಿಯ ವ್ಯಾಪಾರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಂದು ಚೀಲ ಚೆರ್ರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಒಬ್ಬರಿಗೆ ಮಾರಿದರೆ ಮುಗಿಯಿತು. ನಕ್ಷೆ ಹಾಗಲ್ಲ. ಅದನ್ನು ಮೊದಲ ಸಲ ಮಾಡುವುದಕ್ಕೆ ಶ್ರಮವಿದೆ, ಎರಡನೆಯ ಪ್ರತಿಗೆ ಖರ್ಚೇ ಇಲ್ಲ. 40 ಬಿಂದುಗಳ ಒಂದು ಗಡಿ ನಕ್ಷೆ ಕಂಪ್ಯೂಟರಿನಲ್ಲಿ ಒಂದೂವರೆ ಕಿಲೋಬೈಟ್ ಜಾಗ ಹಿಡಿದರೆ ಹೆಚ್ಚು. ಸಾವಿರ ಸದಸ್ಯರ ಸಂಘದ ಅಷ್ಟೂ ನಕ್ಷೆಗಳನ್ನು ಸೇರಿಸಿದರೂ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು ಆಗುವುದಿಲ್ಲ. ಇಷ್ಟು ಹಗುರವಾದ ವಸ್ತುವಿನ ಮೊದಲ ಪ್ರತಿ ಯಾರ ಹತ್ತಿರ ಇರುತ್ತದೋ, ಸುಂಕದ ಕಟ್ಟೆ ಅವರದ್ದು. ಬೆಳೆಗಾರರು ಮುಂದಿನ ವರ್ಷ ಬೇರೊಬ್ಬರಿಗೆ ಕಾಫಿ ಕೊಡಬೇಕೆಂದರೆ ಹೊಸಬರು ಮತ್ತೆ ಅಳೆಯಬೇಕು, ಇಲ್ಲವೇ ಹಳಬರನ್ನು ಕೇಳಬೇಕು. ಹಳಬರು ಕೊಡುವ ಗರಜೇನು?

ಈಗ ನಮ್ಮಂಥವರ ತೋಟಕ್ಕೆ ಬರಬಹುದಾದ ವ್ಯವಹಾರದ ಮಾದರಿಗಳನ್ನು ಬಿಡಿಸಿ ನೋಡೋಣ. ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸಾಕು, ಒಂದೊಂದರ ಗುಣವೂ ತಿಳಿಯುತ್ತದೆ. ದರ, ಹವಾಮಾನ, ಕಾಂಡಕೊರಕಕ್ಕೆ ಮದ್ದು ಎಲ್ಲವನ್ನೂ ಪುಕ್ಕಟೆ ಹೇಳುವ ಆ್ಯಪ್‌ಗಳು ಗೊಬ್ಬರ, ಔಷಧಿ ಕಂಪನಿಗಳ ಜಾಹೀರಾತಿನಿಂದಲೋ, ಸಾಲ ಕೊಡುವವರಿಗೆ ಗಿರಾಕಿ ಹುಡುಕಿಕೊಟ್ಟ ಕಮಿಷನ್ನಿನಿಂದಲೋ ಬದುಕಬೇಕು. ಅಲ್ಲಿ ಬೆಳೆಗಾರರು ಗಿರಾಕಿಯಲ್ಲ, ಸರಕು. ರಫ್ತುದಾರರೇ ಕೊಡುವ ಆ್ಯಪ್ ಕಾಫಿಯ ಲಾಭದಲ್ಲೇ ನಡೆಯುತ್ತದೆ, ಅದಕ್ಕೆ ಮಾಹಿತಿ ಮಾರುವ ಅಗತ್ಯವಿಲ್ಲ. ಆದರೆ ಬೆಳೆಗಾರರನ್ನು ತನ್ನ ಗೋದಾಮಿಗೇ ಕಟ್ಟಿಹಾಕುವ ಆಸೆ ಅದಕ್ಕೆ ಸಹಜ. ವರ್ಷಕ್ಕೆ ಇಷ್ಟು ಎಂದು ಚಂದಾ ಪಡೆಯುವ ಮಾದರಿ ಇವುಗಳಲ್ಲಿ ನೇರವಾದದ್ದು, ಹಣ ಕೊಟ್ಟವರ ಕೆಲಸ ಮಾಡುತ್ತದೆ. ಆದರೆ ದೊಡ್ಡ ತೋಟಕ್ಕೆ ಅದು ಗಣನೆಗೆ ಬಾರದ ಖರ್ಚು, ಎರಡು ಎಕರೆಯವರಿಗೆ ಹೊರೆ.

ಹೊಸತನದ ಬಗ್ಗೆ ಅಪನಂಬಿಕೆಯಿಂದ ಇದನ್ನು ಹೇಳುತ್ತಿಲ್ಲ. ಕಾಫಿ ಮಂಡಳಿಯೂ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಈಗ ತನ್ನದೇ ಆ್ಯಪ್ ಮೂಲಕ ಬೆಳೆಗಾರರ ನೋಂದಣಿಯನ್ನೂ ಮಾಡುತ್ತಿದೆ. ಇವು ಒಳ್ಳೆಯ ಹೆಜ್ಜೆಗಳು. ಆದರೆ ಬ್ಲಾಕ್‌ಚೈನ್ ಎಂಬುದು ಒಮ್ಮೆ ಬರೆದದ್ದನ್ನು ಆಮೇಲೆ ಯಾರೂ ತಿದ್ದದಂತೆ ಕಾಯುತ್ತದೆ, ಬರೆಯುವಾಗಲೇ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಮೊದಲ ನಮೂದು ಸರಿಯಾಗಬೇಕಾದರೆ ತೋಟವನ್ನೂ ಅದರ ನೆರೆಯನ್ನೂ ಗೊತ್ತಿರುವ ಊರಿನವರೇ ಅಲ್ಲಿರಬೇಕು. ಆ ಊರಿನವರು ಎಂದರೆ ನೀವು.

ಅಳತೆಯಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿನ ಒಂದು ತಪ್ಪಿಗೆ ಕಾಫಿಯ ಲಾಟೇ ವಾಪಸಾಗಬಹುದು. ನಮ್ಮ ತೋಟಗಳಲ್ಲಿ ಆಕಾಶ ಕಾಣುವುದೇ ಅಪರೂಪ. ಅತ್ತಿ, ಹಲಸು, ನಂದಿ, ಸಿಲ್ವರ್ ಓಕ್‌ಗಳ ಮೇಲಾವರಣದಡಿ ಉಪಗ್ರಹದ ಸಂಕೇತ ಎಲೆಗಳಿಗೆ ಬಡಿದು ಸುತ್ತಿ ಬರುತ್ತದೆ, ಫೋನು ತಾನಿರುವ ಜಾಗವನ್ನು ಹಲವು ಮೀಟರ್ ಆಚೆಗೆ ತೋರಿಸುತ್ತದೆ. ಕಾಯ್ದೆ ಕೇಳುವುದು ದಶಮಾಂಶದ ನಂತರ ಆರು ಅಂಕೆ. ಆರನೆಯ ಅಂಕೆಯ ಬೆಲೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಐದು ಮೀಟರ್ ತಪ್ಪು ತೋರಿಸುವ ಫೋನು ಆರು ಅಂಕೆಗಳನ್ನೂ ಧೈರ್ಯವಾಗಿ ಬರೆದುಕೊಡುತ್ತದೆ, ನೋಡಿದವರಿಗೆ ಕರಾರುವಾಕ್ಕಾಗಿ ಕಾಣುತ್ತದೆ. ಚೌಕವಾದ ಐದು ಎಕರೆ ತೋಟದ ಸುತ್ತಳತೆ 570 ಮೀಟರ್. ಗಡಿ ಎಲ್ಲ ಕಡೆಯೂ ಐದು ಮೀಟರ್ ಹೊರಕ್ಕೆ ಸರಿದರೆ ಹೆಚ್ಚಿಗೆ ಸೇರುವ ಜಾಗ 70 ಸೆಂಟ್‌ಗೂ ಮೀರುತ್ತದೆ. ಆ 70 ಸೆಂಟ್ ಪಕ್ಕದವರ ಗದ್ದೆಯಾಗಿದ್ದರೆ ಜಗಳ, ಮೀಸಲು ಅರಣ್ಯವಾಗಿದ್ದರೆ ಕಾಫಿಗೇ ಕುತ್ತು.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ಮೂಲೆ ಕಲ್ಲುಗಳ ಬಳಿ ನಡೆದುಕೊಂಡೇ ಗುಂಡಿ ಒತ್ತದೆ ಒಂದೆರಡು ನಿಮಿಷ ನಿಲ್ಲಬೇಕು. ಫೋನು ತೋರಿಸುವ ನಿಖರತೆ ಐದು ಮೀಟರಿಗಿಂತ ಕೆಳಗಿಳಿದ ಮೇಲೆಯೇ ಬಿಂದು ಗುರುತಿಸಬೇಕು. ಮಳೆಗಾಲದ ಹಸಿ ಎಲೆಯಡಿಯಲ್ಲಿ ಈ ಕೆಲಸ ಬೇಡ, ಮರ ಕಪಾತು ಮುಗಿದು ಬೆಳಕು ಬಿದ್ದಾಗ ಮಾಡಿದರೆ ಒಳ್ಳೆಯದು. ಕೊನೆಯ ಬಿಂದು ಮೊದಲ ಬಿಂದುವಿಗೇ ಬಂದು ಸೇರಬೇಕು, ಇಲ್ಲದಿದ್ದರೆ ನಕ್ಷೆ ಮುಚ್ಚುವುದಿಲ್ಲ. ಗೆರೆ ತನ್ನನ್ನೇ ದಾಟಿ ಎಂಟರ ಆಕಾರ ಆಗಿದೆಯೇ ಎಂದೂ ನೋಡಬೇಕು. ಇನ್ನೊಂದು ತಪ್ಪು ಇವೆಲ್ಲಕ್ಕಿಂತ ಸರಳ. ಕೊಡಗು ಇರುವುದು ಸುಮಾರು 12 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಲ್ಲಿ. ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಜಿಯೋಜೇಸನ್ ಎಂಬ ಕಡತದ ಪದ್ಧತಿಯಲ್ಲಿ ರೇಖಾಂಶ ಮೊದಲು. ಕೈಯಿಂದ ತುಂಬುವವರು ಇದನ್ನು ಅದಲುಬದಲು ಮಾಡಿದರೆ ನಾಪೋಕ್ಲಿನ ತೋಟ ನಾರ್ವೆಗೂ ಉತ್ತರದ ಹಿಮದ ಸಮುದ್ರದಲ್ಲಿ ಬೀಳುತ್ತದೆ. ನಕ್ಷೆಯನ್ನು ಒಮ್ಮೆ ಪರದೆಯ ಮೇಲೆ ತೆರೆದು ತೋಟದವರಿಗೇ ತೋರಿಸಿದರೆ ಸಿಕ್ಕಿಬೀಳುವ ತಪ್ಪಿದು. ತೋರಿಸುವವರು ಕಡಿಮೆ.

ನೆರಳಿನ ವಿಷಯ ಇನ್ನೂ ಸೂಕ್ಷ್ಮ. ಅರ್ಧ ಹೆಕ್ಟೇರ್‌ಗಿಂತ ಹೆಚ್ಚು ಜಾಗ, ಐದು ಮೀಟರ್‌ಗಿಂತ ಎತ್ತರದ ಮರ, ಶೇ 10ಕ್ಕಿಂತ ಹೆಚ್ಚು ಮೇಲಾವರಣ ಇದ್ದರೆ ಕಾಡು ಎಂಬುದು ಕಾಯ್ದೆ ಬಳಸುವ ವ್ಯಾಖ್ಯೆ. ಈ ಮೂರನ್ನು ಮಾತ್ರ ನೋಡಿದರೆ ಕೊಡಗಿನ ಹೆಚ್ಚಿನ ತೋಟಗಳೆಲ್ಲ ಕಾಡೇ. ಮುಖ್ಯವಾಗಿ ಕೃಷಿಗೆ ಬಳಸುವ ಜಾಗ ಕಾಡಲ್ಲ ಎಂದೂ ಅದೇ ವ್ಯಾಖ್ಯೆ ಹೇಳುತ್ತದೆ, ಆದರೆ ಮೇಲಿನಿಂದ ನೋಡುವ ಉಪಗ್ರಹಕ್ಕೆ ಮರದಡಿಯ ಗಿಡ ಕಾಣುವುದಿಲ್ಲ. ಹಳೆಯ ಗಿಡ ಕಿತ್ತು ಮರುನಾಟಿಗೆಂದು ನೆರಳು ತೆಗೆದ ಎರಡು ಎಕರೆ, ಸಿಲ್ವರ್ ಓಕ್ ಮಾರಿದ ಒಂದು ಅಂಚು, ಗುಡ್ಡ ಜರಿದು ಬಯಲಾದ ಒಂದು ಇಳಿಜಾರು ಇವೆಲ್ಲ ನಕ್ಷೆಯ ಮೇಲೆ ಅರಣ್ಯನಾಶದ ಕೆಂಪು ಚುಕ್ಕೆಗಳಾಗಿ ಮೂಡಬಹುದು. ಅದು ತೋಟವೇ ಆಗಿತ್ತು ಎನ್ನುವುದಕ್ಕೆ ಹಳೆಯ ಆರ್‌ಟಿಸಿಯ ಬೆಳೆ ಕಾಲಂ, ಮಂಡಳಿಯ ನೋಂದಣಿ, ಬೆಳೆಸಾಲದ ದಾಖಲೆ ಬೇಕು. ಬೆಳೆಸಾಲದ ದಾಖಲೆ ಇರುವುದು ನಿಮ್ಮ ಕಪಾಟಿನಲ್ಲಿ.

ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ತೊಡಕನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ತೀರಿಹೋದ ಪಟ್ಟೇದಾರರ ಹೆಸರಿನಲ್ಲೇ ಇರುವ ಪಹಣಿ, ಒಂದೇ ಸರ್ವೆ ನಂಬರಿನಲ್ಲಿ ಒಕ್ಕದ (ಮನೆತನದ) ಹಲವು ಮನೆಗಳ ಪಾಲು, ಬಾಯಿಮಾತಿನ ಗಡಿ. ಹೊರಗಿನ ಆ್ಯಪ್ ಒಂದು ಸರ್ವೆ ನಂಬರಿಗೆ ಒಬ್ಬರೇ ರೈತರು ಎಂದು ಹಠ ಹಿಡಿದರೆ ಮೊದಲು ನೋಂದಾಯಿಸಿದವರು ಇಡೀ ಜಾಗಕ್ಕೆ ಹೆಸರಾಗುತ್ತಾರೆ, ಉಳಿದ ಪಾಲುದಾರರ ಕಾಫಿಗೆ ಜಾಗವೇ ಇಲ್ಲದಂತಾಗುತ್ತದೆ. ಯಾರ ಪಾಲು ಎಲ್ಲಿ ಎಂಬುದನ್ನು ತಿಳಿದ ಗುಮಾಸ್ತರು ನಿಮ್ಮ ಸಂಘದಲ್ಲಿದ್ದಾರೆ.

ದರದ ಮಾಹಿತಿಯೂ ಇದೇ ಕಥೆಯ ಇನ್ನೊಂದು ಅಧ್ಯಾಯ. ಮಂಡಳಿಯೇ ಎಲ್ಲ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಹೋಯಿತು. ಅಂದಿನಿಂದ ಯಾವ ದಿನ, ಯಾರಿಗೆ, ಎಷ್ಟಕ್ಕೆ ಎಂಬ ನಿರ್ಧಾರ ಬೆಳೆಗಾರರದ್ದು, ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಮಾತ್ರ ಕೊಳ್ಳುವವರ ಕಡೆಯದು. ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ‘ರೊಬಸ್ಟಾ ಚೆರ್ರಿ 50 ಕೆಜಿಗೆ ಇಷ್ಟು’ ಎಂಬ ಸಂದೇಶವನ್ನು ಕಳಿಸುವವರು ಹೆಚ್ಚಾಗಿ ವ್ಯಾಪಾರಿಗಳೇ. ಕಳಿಸುವುದು ತಪ್ಪಲ್ಲ, ಕಾಫಿ ತಮ್ಮ ಅಂಗಡಿಗೆ ಬರಲಿ ಎಂದು ಕಳಿಸುತ್ತಾರೆ. ಆದರೆ ಎಷ್ಟು ಔಟ್‌ಟರ್ನ್‌ಗೆ (50 ಕಿಲೋ ಚೆರ್ರಿಯಲ್ಲಿ ಸಿಗುವ ಶುದ್ಧ ಬೀಜದ ಕಿಲೋ ಲೆಕ್ಕಕ್ಕೆ) ಆ ದರ, ಎಷ್ಟು ತೇವಾಂಶದವರೆಗೆ, ಹಣ ಕೂಡಲೇ ಸಿಗುತ್ತದೆಯೇ, ಲಾರಿ ಬಾಡಿಗೆ ಯಾರದ್ದು ಎಂಬುದು ಆ ಒಂದು ಸಾಲಿನಲ್ಲಿ ಇರುವುದಿಲ್ಲ.

ಲೆಕ್ಕ ಮಾಡಿ ನೋಡಿ. ಉದಾಹರಣೆಗೆ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಶುದ್ಧ ಬೀಜ ಕಿಲೋಗೆ 340 ರೂಪಾಯಿ. 50 ಕಿಲೋ ಚೆರ್ರಿಯಲ್ಲಿ 26 ಕಿಲೋ ಬೀಜ ಬಂದರೆ ಚೀಲಕ್ಕೆ 8,840, 28 ಬಂದರೆ 9,520. ಇದರಲ್ಲಿ ಕ್ಯೂರಿಂಗ್ (ಚೆರ್ರಿ ಸುಲಿದು ಬೀಜ ಹಸನು ಮಾಡುವ ಖರ್ಚು), ಸಾಗಣೆ, ಕೊಳ್ಳುವವರ ಲಾಭ ಕಳೆಯಬೇಕು, ನಮ್ಮ ಕಾಫಿಗೆ ಸಿಗುವ ಪ್ರೀಮಿಯಂ ಕೂಡಿಸಬೇಕು. ಔಟ್‌ಟರ್ನ್ ಒಂದರಲ್ಲೇ ಚೀಲಕ್ಕೆ 680 ರೂಪಾಯಿ ವ್ಯತ್ಯಾಸ ಬಂತು, ನೂರು ಚೀಲಕ್ಕೆ 68,000. ತೇವಾಂಶವೂ ಹಾಗೆಯೇ. ಶೇ 13ರಷ್ಟು ತೇವವಿರುವ 50 ಕಿಲೋವನ್ನು ಶೇ 11ಕ್ಕೆ ಒಣಗಿಸಿದರೆ ನಿಜವಾಗಿ ಕಡಿಮೆಯಾಗುವ ತೂಕ ಒಂದು ಕಿಲೋ 120 ಗ್ರಾಂ. ಒಂದು ಪಾಯಿಂಟಿಗೆ ಒಂದು ಕಿಲೋ ಎಂದು ಎರಡು ಕಿಲೋ ಕಡಿದರೆ ಚೀಲಕ್ಕೆ 880 ಗ್ರಾಂ ಹೆಚ್ಚಿಗೆ ಹೋಯಿತು. ಸಂಘದಲ್ಲಿ ಒಂದು ಸರಿಯಾದ ತೇವಾಂಶ ಮಾಪಕ, ಮಾದರಿ ಸುಲಿದು ತೂಗಲು ಒಂದು ಸಣ್ಣ ಹಲ್ಲರ್, ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಬೆಳೆಗಾರರು ಮಾರಲು ಹೊರಡುವ ಮೊದಲೇ ತಮ್ಮ ಕಾಫಿ ಏನೆಂದು ತಿಳಿದುಕೊಂಡು ಹೊರಡುತ್ತಾರೆ.

ದರ ತಿಳಿಯದವರ ಎದುರು, ಅವರ ತೋಟವೆಷ್ಟು, ಇಳುವರಿಯೆಷ್ಟು, ಕಣದಲ್ಲಿ ಎಷ್ಟು ಉಳಿದಿದೆ ಎಂದು ತಿಳಿದವರು ಕುಳಿತರೆ ಚೌಕಾಸಿ ಹೇಗಿರುತ್ತದೆ? ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀಸಿಗೆ ಯಾರು ಮಾರಲೇಬೇಕಾಗುತ್ತದೆ ಎಂಬುದನ್ನೂ ಹಿಂದಿನ ವರ್ಷಗಳ ಮಾರಾಟದ ದಿನಾಂಕಗಳೇ ಹೇಳಿಬಿಡುತ್ತವೆ. ನನ್ನ ಆತಂಕದ ಬೇರು ಇಲ್ಲಿದೆ.

ಕಾನೂನು ಕಾಯುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಕಾಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾವ ಉದ್ದೇಶಕ್ಕೆ ಎಂದು ಹೇಳಿಯೇ ಒಪ್ಪಿಗೆ ಪಡೆಯಬೇಕು, ಆ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶ ಇರಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶವಿದೆ. ಆದರೆ ತನ್ನ ಮಾಹಿತಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಹಾಗೆಯೇ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು, ಅಂತಿಮ ಕಾಯ್ದೆಯಲ್ಲಿಲ್ಲ. ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ನಮ್ಮದೇ ಆಗಿ ಉಳಿಯುವ ವ್ಯವಸ್ಥೆ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು, ನಂಬರ್ ಕೈಬಿಡಬೇಕಾದೀತೆಂಬ ಅಂಜಿಕೆ ಅಂದಿಗೆ ಹೋಯಿತು. ತೋಟದ ನಕ್ಷೆಗೆ ಆ ಹಕ್ಕನ್ನು ಕಾನೂನು ಕೊಡದಿದ್ದರೆ ಒಪ್ಪಂದದ ಮೂಲಕ ನಾವೇ ಪಡೆದುಕೊಳ್ಳಬೇಕು. ಒಬ್ಬೊಬ್ಬರೇ ಕೇಳಿದರೆ ಸಿಗದ ಒಪ್ಪಂದ ಸಂಘ ಕೇಳಿದರೆ ಸಿಗುತ್ತದೆ.

ಆದ್ದರಿಂದ ನನ್ನ ಕೋರಿಕೆಗಳು.

ಸದಸ್ಯರ ತೋಟದ ಮೂಲ ನಕ್ಷೆ ಸಂಘದಲ್ಲಿರಲಿ. 4 ಹೆಕ್ಟೇರ್‌ನೊಳಗಿನವರಿಗೆ ಒಂದು ಬಿಂದು, ಮೇಲಿನವರಿಗೆ ಗಡಿ. ಕಡತದ ಒಂದು ಪ್ರತಿಯನ್ನು ಅಂದೇ ಸದಸ್ಯರ ಫೋನಿಗೆ ಕಳಿಸಿ, ಮುದ್ರಿಸಿ ಸಹಿ ಹಾಕಿದ ಇನ್ನೊಂದನ್ನು ಕೈಗೆ ಕೊಡಿ. ಇದನ್ನು ರೈತರ ಎಫ್‌ಐಡಿ (ಸರ್ಕಾರಿ ರೈತ ಗುರುತಿನ) ಸಂಖ್ಯೆಗೆ ಜೋಡಿಸಿದರೆ ಹುಡುಕುವುದು ಸುಲಭ, ಪಾಲುದಾರರಿಗೆ ಮಾತ್ರ ಪ್ರತ್ಯೇಕ ಉಪಸಂಖ್ಯೆ ಬೇಕಾಗುತ್ತದೆ.

ಕೊಳ್ಳುವವರಿಗೆ ನಕ್ಷೆಯನ್ನು ಒಟ್ಟಿಗೆ ಕೊಡಬೇಡಿ, ಲಾಟಿಗೆ ತಕ್ಕಂತೆ ಕೊಡಿ. ಈ ಸದಸ್ಯರ ಇಷ್ಟು ಚೀಲ ಕೊಂಡಿರಿ, ಅದಕ್ಕೆ ಸಂಬಂಧಿಸಿದ ಜಾಗ ಇದು, ಅಷ್ಟೇ. ಆಮದುದಾರರು ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಐರೋಪ್ಯ ಕಾಯ್ದೆ ಹೇಳುತ್ತದೆ, ಆ ಅವಧಿ ಮುಗಿದ ಮೇಲೆ ಅಳಿಸಬೇಕು, ಬೇರೆಯವರಿಗೆ ದಾಟಿಸಬಾರದು, ನಕ್ಷೆ ಕೊಟ್ಟ ಕಾರಣಕ್ಕೆ ಕಾಫಿಯನ್ನೂ ಅವರಿಗೇ ಕೊಡಬೇಕೆಂಬ ಷರತ್ತು ಇರಬಾರದು ಎಂದು ಕನ್ನಡದಲ್ಲಿ ಒಂದು ಪುಟದ ಕರಾರು ಮಾಡಿಸಿಕೊಳ್ಳಿ. ಈ ಸೇವೆಗೆ ಲಾಟಿಗಿಷ್ಟು ಎಂದು ಕೊಳ್ಳುವವರಿಂದಲೇ ಶುಲ್ಕ ಪಡೆಯಿರಿ. ಕಾನೂನಿನ ಹೊಣೆ ಯಾರ ಕಡೆಯದೋ ಖರ್ಚೂ ಆ ಕಡೆಯದೇ ಆಗಲಿ. ಬ್ಯಾಂಕ್ ಮಾಹಿತಿ ಹಂಚಿಕೆಗೆ ರಿಸರ್ವ್ ಬ್ಯಾಂಕಿನ ನಿಯಮದಡಿ ಇರುವ ಅಕೌಂಟ್ ಅಗ್ರಿಗೇಟರ್ ಪದ್ಧತಿಯಲ್ಲಿ ಉದ್ದೇಶ ಮತ್ತು ಅವಧಿ ಬರೆದ ಒಪ್ಪಿಗೆ ಇಲ್ಲದೆ ಏನೂ ದಾಟುವುದಿಲ್ಲ. ಮಾದರಿ ಕಣ್ಣೆದುರಿಗೇ ಇದೆ.

ಒಂದು ಅನುಮಾನ ನ್ಯಾಯವಾದದ್ದು: ಸಾಲ ಕೊಡುವವರ ಕೈಗೇ ನಕ್ಷೆ, ಇಳುವರಿ ಎಲ್ಲ ಕೊಟ್ಟರೆ ವಸೂಲಿಗೆ ಅದನ್ನೇ ಬಳಸುವುದಿಲ್ಲವೇ? ಆದ್ದರಿಂದ ನಕ್ಷೆಯ ಕಡತ ಸಾಲದ ವಿಭಾಗದಿಂದ ಬೇರೆ ಇರಬೇಕು, ಯಾರು ಯಾವಾಗ ತೆರೆದರು ಎಂಬ ದಾಖಲೆ ಉಳಿಯಬೇಕು, ಇಳುವರಿಯ ಲೆಕ್ಕವನ್ನು ಸಂಘ ಕೇಳಲೇಬಾರದು. 63,000 ಪ್ಯಾಕ್ಸ್‌ಗಳ, ಅಂದರೆ ನಿಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ, ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿದ ಯೋಜನೆಯಿಂದ ಕಂಪ್ಯೂಟರು, ತಂತ್ರಾಂಶ ಬಂದಿರುವ ಕಡೆ ಹೊಸ ಯಂತ್ರ ಬೇಕಾಗಿಲ್ಲ. ಆದರೆ ಗೋಡೆಗೆ ಅಂಟಿಸಿದ ಒಂದೇ ಪಾಸ್‌ವರ್ಡ್, ವರ್ಗವಾದರೂ ಹಳೆಯ ಸಿಬ್ಬಂದಿಯ ಫೋನಿನಲ್ಲೇ ಉಳಿದ ಕಡತ, ಸಿಡಿಲಿಗೆ ಸುಟ್ಟ ಏಕೈಕ ಹಾರ್ಡ್‌ಡಿಸ್ಕ್ ಇವು ಆಗದಂತೆ ನೋಡಿಕೊಳ್ಳಬೇಕು. ಬೇರೆ ಕಟ್ಟಡದಲ್ಲಿ ಒಂದು ಪ್ರತಿ ಇರಲಿ.

ದರದ ಫಲಕ ನಿಮ್ಮ ಬಾಗಿಲಲ್ಲಿ ಇರಲಿ. ಲಂಡನ್ ಮಾರುಕಟ್ಟೆ ಮುಚ್ಚುವುದು ನಮ್ಮ ರಾತ್ರಿಗೆ, ಹಾಗಾಗಿ ಬೆಳಗ್ಗೆ ಹತ್ತಕ್ಕೆ ಹಿಂದಿನ ದಿನದ ಮುಕ್ತಾಯ, ಡಾಲರ್ ದರ, ಅದರಿಂದ ಬರುವ 26 ಮತ್ತು 28 ಔಟ್‌ಟರ್ನ್‌ನ ಲೆಕ್ಕ, ಅಂದು ಊರಿನಲ್ಲಿ ಕೇಳಿಬಂದ ದರ ಇವಿಷ್ಟನ್ನು ಬರೆಯಲು ಕಾಲು ಗಂಟೆ ಸಾಕು. ತೋಟತೋಟದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಒಬ್ಬರಿಗೊಬ್ಬರು ಕೇಳಿ ಹೇಳಿ ಹಂಚಿಕೊಳ್ಳುವ ನಾಡು ನಮ್ಮದು. ಯಾರೂ ಅದಕ್ಕೆ ಹಣ ಕೇಳಿದ್ದಿಲ್ಲ, ಅದರಿಂದ ಯಾರಿಗೂ ನಷ್ಟವಾದದ್ದೂ ಇಲ್ಲ. ಯಾವ ಮಾಹಿತಿ ಎಲ್ಲರದ್ದು, ಯಾವುದು ಮನೆಯದ್ದು ಎಂಬ ಗೆರೆಯನ್ನು ಎಳೆಯಲು ನಮಗೆ ಹೊರಗಿನವರ ಪಾಠ ಬೇಕಾಗಿಲ್ಲ.

ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಗಳ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕೆಂದು ಕೇಳಿಕೊಳ್ಳುತ್ತೇನೆ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾಗುತ್ತದೆ, ರೊಬಸ್ಟಾ ಜನವರಿಗೆ. ಅಷ್ಟರೊಳಗೆ ಕನಿಷ್ಠ ಕರಾರಿನ ಆ ಒಂದು ಪುಟವಾದರೂ ಸಿದ್ಧವಿದ್ದರೆ, ಈ ಸಲ ಬೇಲಿ ಸುತ್ತಲು ಬಂದವರ ಮುಂದೆ ಬೆಳೆಗಾರರು ಗುಂಡಿ ಒತ್ತುವ ಮೊದಲು ಅದನ್ನು ಇಡಬಹುದು. ಕರಡು ಬರೆಯಲು, ಅಳತೆಯ ತರಬೇತಿಗೆ ಊರೂರಿನಲ್ಲಿ ನಿಲ್ಲಲು ನಾನು ಸಿದ್ಧ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ಕೊಡಗಿನ ಕಾಫಿ ಬೆಳೆಗಾರರೊಬ್ಬರು